ಬಿಟ್ಟ ಸ್ಟಾಪು

ಮಂಚದಿಂದ ಹೊರಬಾಗಿಲಿಗೆ ನನಗೆ ಇಪ್ಪತ್ತೆರಡು ಹೆಜ್ಜೆ.
ಇವರಿಗೆ ಮೊನ್ನೆಯ ಲೆಕ್ಕದಲ್ಲಿ ಅರುವತ್ತಮೂರು,
ನಡುವೆ ಎರಡು ಸಲ ನಿಂತು ಉಸಿರು,
ಒಂದು ಸಲ ನನ್ನ ಮೇಲೆ ಸಿಟ್ಟು.

"ಸಿಟ್ಟು ಬರಲಿ ಆಂಟಿ" ಅಂತಾಳೆ ಮಿಸ್ರಿಯಾ,
ಉಳ್ಳಾಲದಿಂದ ಸ್ಕೂಟರಿನಲ್ಲಿ ಬರುವ ಫಿಸಿಯೋ ಹುಡುಗಿ.
"ಸಿಟ್ಟು ಬಂದ ಕಾಲು ಬೇಗ ಏಳ್ತದೆ."

ಇಪ್ಪತ್ತಾರು ವರ್ಷ ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ
ಒಂದೇ ಕೈಯಲ್ಲಿ ನೇತುಕೊಂಡು ಬದುಕಿದವರು.
ತಿರುವಿನಲ್ಲಿ ಇಡೀ ಬಸ್ಸು ವಾಲಿದರೂ
ಬೆರಳ ಸಂದಿನ ನೋಟು ವಾಲಿದ್ದಿಲ್ಲ.
ಬೀಳಿಸಿದ್ದು ಬಸ್ಸಲ್ಲ,
ಬೆಲ್ಟು ಹಾಕಿ ಕೂತಿದ್ದ ಕಾರು.
ರೋಸಿನ ಮನೆಯಿಂದ ಬರುವಾಗ, ರಾತ್ರಿ ಹನ್ನೊಂದೂವರೆಗೆ, ನಂತೂರಿನಲ್ಲಿ.
ಆಸ್ಪತ್ರೆಯಲ್ಲಿ ತಲೆ ಬೋಳಿಸುತ್ತಿದ್ದ ನರ್ಸು
"ಕೂದಲಲ್ಲಿ ಇದೆಂತ ಅಂಟು?" ಅಂತ ಕೇಳಿದಳು.
ತೆಂಗಿನ ಹಾಲು, ಅಂದೆ. ಮದುವೆಯದ್ದು.

ಕಾಲಿಗೆ ಸರಳು ಹಾಕಿದರು. ಮಾತಿಗೆ ಹಾಕುವ ಸರಳು ಇಲ್ಲವಂತೆ.
ಮನೆಯ ಕೊಂಕಣಿ, ಬಸ್ಸಿನ ತುಳು, ಶಾಲೆಯ ಕನ್ನಡ
ಮೂರೂ ಒಂದೇ ಚರ್ಮದ ಚೀಲದ ಚಿಲ್ಲರೆ.
ಚೀಲ ಹರಿಯಿತು. ಯಾವ ನಾಣ್ಯ ಎಲ್ಲಿ ಉರುಳಿತೋ.
ಸೇಬಿನ ಚಿತ್ರ ತೋರಿಸಿದರೆ
ಕಿಟಕಿ ನೋಡುತ್ತಾರೆ.
ಬಂಗುಡೆ ತೋರಿಸಿದೆ, ನಿಜದ್ದೇ, ಕಿವಿರು ಕೆಂಪಿದ್ದದ್ದು.
ಮೂಸಿದರು. ನಕ್ಕರು. ಅಷ್ಟೇ.

ಐದನೇ ತಿಂಗಳಲ್ಲಿ ಕಪಾಟಿನಿಂದ ಇವರ ವಿಸಿಲ್ ತೆಗೆದೆ,
ಯೂನಿಫಾರ್ಮಿನ ಕಿಸೆಯಲ್ಲೇ ಇತ್ತು.
ಮಂಚ, ಸ್ಟೇಟ್‌ಬ್ಯಾಂಕ್.
ಕಪಾಟು ಹಂಪನಕಟ್ಟೆ, ಊಟದ ಮೇಜು ಜ್ಯೋತಿ,
ನನ್ನ ಹೊಲಿಗೆ ಮಿಶನ್ನು ಮಲ್ಲಿಕಟ್ಟೆ.
ಆಮೇಲೆ ಸೀದಾ ಬಿಕರ್ನಕಟ್ಟೆ, ಅಲ್ಲಿ ಬಾಲಯೇಸುವಿನ ಆಲ್ತಾರು,
ಹೊರಬಾಗಿಲು ಕುಲಶೇಖರ.
ಊದಿದೆ. "ರೈಟ್, ಪೋಯಿ" ಅಂದೆ.
ವಾಕರ್ ಹಿಡಿದ ಕೈ ಬಿಗಿಯಾಯಿತು,
ಬಲಗಾಲು ಹೋಯಿತು. ಎಡಗಾಲು ಯೋಚಿಸಿ ಹೋಯಿತು.

ಮಲ್ಲಿಕಟ್ಟೆ, ಬಿಕರ್ನಕಟ್ಟೆ ಮಧ್ಯೆ ಫ್ರಿಡ್ಜು ಉಂಟು.
ಅದಕ್ಕೆ ನಾನು ಹೆಸರಿಡಲಿಲ್ಲ.

ಕಾರು ಬಿಡುತ್ತಿದ್ದದ್ದು ಅಕ್ಕನ ಮಗ ಆನ್ಸೆಲ್ಮ್.
ಅವನಿಗೆ ಹುಬ್ಬಿನ ಮೇಲೆ ಮೂರು ಹೊಲಿಗೆ, ಅಷ್ಟೇ.
ಪ್ರತಿ ಆದಿತ್ಯವಾರ ಪೂಜೆ ಮುಗಿಸಿ ಬರುತ್ತಾನೆ, ಬಸ್ಸಿನಲ್ಲಿ.
ಮೀನಿನ ತೊಟ್ಟೆ ಒಳಗೆ ಕೊಡುತ್ತಾನೆ,
ತಾನು ಮೆಟ್ಟಿಲ ಮೇಲೆ ಕೂರುತ್ತಾನೆ.
ಚಾ ಕೊಟ್ಟರೆ ಅಲ್ಲೇ ಕುಡಿದು ಗ್ಲಾಸು ತೊಳೆದಿಟ್ಟು ಹೋಗುತ್ತಾನೆ.
ಒಳಗೆ ಬಾ ಅಂತ ನಾನೂ ಹೇಳಿರಲಿಲ್ಲ.
ಹೇಳಬೇಕಿತ್ತು. ಬಾಯಿ ಬರಲಿಲ್ಲ. ನನ್ನದೂ ಹೋಗಿತ್ತೋ ಏನೋ.

ಕಳೆದ ಆದಿತ್ಯವಾರ ಇವರು ಫ್ರಿಡ್ಜಿನ ಮುಂದೆ ನಿಂತರು.
ರೈಟ್ ಪೋಯಿ, ಅಂದೆ.
ಕದಲಲಿಲ್ಲ.
ಊದಿದೆ. ಕದಲಲಿಲ್ಲ.
ಕೈ ಎತ್ತಿ ಫ್ರಿಡ್ಜಿನ ಬಾಗಿಲಿಗೆ ಎರಡು ಸಲ ಬಡಿದರು,
ಬಸ್ಸಿನ ತಗಡಿಗೆ ಬಡಿಯುತ್ತಿದ್ದ ಹಾಗೆ,
ಒಳಗಿನ ಬಾಟ್ಲಿಗಳೆಲ್ಲ ಗಿಲಗಿಲ.
"ನಂ," ಅಂದರು. ಬೆವರಿದರು.
"ನಂತೂರ್. ಜಪ್ಪುಲೆ."

ಇಳಿಯುವವರು ಇಳಿಯಬೇಕು.
ಕಂಡಕ್ಟರು ಸ್ಟಾಪು ಬಿಡುವ ಹಾಗಿಲ್ಲ.
ಮೆಟ್ಟಿಲ ಮೇಲಿದ್ದ ಆನ್ಸೆಲ್ಮ್ ಎದ್ದ,
ಇಳಿಯಬೇಕೋ ಹತ್ತಬೇಕೋ ತಿಳಿಯದೆ
ಚಪ್ಪಲಿ ಕಳಚಿ ಒಳಗೆ ಬಂದ.
ಇವರು ಅವನನ್ನು ನೋಡಿದರು. ಗುರುತು ಸಿಕ್ಕಿತೋ ಇಲ್ಲವೋ,
ಅಂಗೈ ಮಾತ್ರ ಚಾಚಿದರು.
ಹುಡುಗ ಕಿಸೆಯೆಲ್ಲ ತಡಕಾಡಿ
ಐದರ ಒಂದು ನಾಣ್ಯ ಇಟ್ಟ. ಅತ್ತ.

ಸೋಮವಾರ ಒಂದು ಶಬ್ದವಿಲ್ಲ. ಮಂಗಳವಾರ ಹಾಸಿಗೆ ಒದ್ದೆ.
ಮಿಸ್ರಿಯಾ ಮೊಣಕಾಲು ಅಳೆದು
ಎಂಬತ್ತೈದು ಡಿಗ್ರಿ ಅಂತ ಪುಸ್ತಕದಲ್ಲಿ ಬರೆದಳು,
ನಂತೂರು ಬರೆಯಲು ಅದರಲ್ಲಿ ಕಾಲಂ ಇಲ್ಲ.
ಫ್ಲೋರಿನ್ ಅನ್ನಲು ಇವರಿಗೆ ಇನ್ನೂ ಬರುವುದಿಲ್ಲ.

ಐದರ ನಾಣ್ಯ ಇವರ ಮುಷ್ಟಿಯಲ್ಲೇ ಉಂಟು, ಮಲಗಿದಾಗಲೂ.
ವಿಸಿಲ್ ಒರೆಸಿ ದಿಂಬಿನ ಬದಿಗೆ ಇಟ್ಟಿದ್ದೇನೆ.
ನಾಳೆ ಫ್ರಿಡ್ಜಿನ ಹತ್ತಿರ ನಾನೇ ನಿಲ್ಲಿಸಬೇಕು.
ಅಲ್ಲಿ ಸ್ಟಾಪು ಉಂಟು.